ಚಿಕ್ಕ ಕ್ರೂಸರ್ ಬೈಕ್: ಕಾಲು ನೆಲಕ್ಕೆ ಎಟುಕಿದ ಮೇಲೆ ಕಲಿಯಬೇಕಾದದ್ದು

ಕ್ರೂಸರ್ ಮೇಲೆ ಮೊದಲ ಸಲ ಕೂತವರ ಮುಖ ನೋಡಬೇಕು. ಸೀಟು ತಗ್ಗಿನಲ್ಲಿದೆ, ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತವೆ, ಹ್ಯಾಂಡಲ್ ತಾನಾಗಿ ಕೈಗೆ ಬರುತ್ತದೆ. ಎತ್ತರದ ಬೈಕಿನಲ್ಲಿ ತುದಿಗಾಲ ಮೇಲೆ ನಿಂತು ಹೆದರಿದವರಿಗಂತೂ ಅಲ್ಲೇ ಮನಸ್ಸು ಸೋಲುತ್ತದೆ. ನನಗೂ ಹಾಗೇ ಆಯಿತು. ಆದರೆ ಅದು ಗಾಡಿ ನಿಂತಿರುವಾಗ ಸಿಗುವ ಧೈರ್ಯ. ಓಡತೊಡಗಿದ ಮೇಲೆ ಕ್ರೂಸರ್‌ಗೆ ಅದರದ್ದೇ ಒಂದು ರೀತಿ ಇದೆ: ತಿರುವಿನಲ್ಲಿ ಬೇಗ ನೆಲ ಸವರುತ್ತದೆ, ಗುಂಡಿ ಬಂದರೆ ಎದ್ದು ನಿಲ್ಲಲು ಬಿಡುವುದಿಲ್ಲ, ಬ್ರೇಕಿನ ಲೆಕ್ಕ ಬೇರೆ, ಬೆನ್ನಿನ ಲೆಕ್ಕ ಇನ್ನೂ ಬೇರೆ. ಇವನ್ನು ಕಲಿತರೆ ಈ ಗಾಡಿ ವರ್ಷಗಟ್ಟಲೆ ಜೊತೆಗಿರುತ್ತದೆ. ಕಲಿಯದಿದ್ದರೆ ಬೆನ್ನು ನೋವು ಅಂತ ಆರು ತಿಂಗಳಲ್ಲಿ ಮಾರಾಟಕ್ಕೆ ಇಡುತ್ತೀರಿ.

ಯಾವುದನ್ನು ಆರಿಸುವುದು

ಚಿಕ್ಕ ಕ್ರೂಸರ್ ಅಂದರೆ ನನ್ನ ಮಟ್ಟಿಗೆ 160ರಿಂದ 350 ಸಿಸಿ ಒಳಗಿನವು. ಹೋಂಡಾ ರೆಬೆಲ್ 250 ಬಂದದ್ದು 1985ರಲ್ಲಿ, 234 ಸಿಸಿಯ ಎರಡು ಸಿಲಿಂಡರ್ ಎಂಜಿನ್. ಅದೇ ಎಂಜಿನ್ ಇಟ್ಟುಕೊಂಡು ಸುಮಾರು ಮೂವತ್ತು ವರ್ಷ ಓಡಿತು, ಎಷ್ಟೋ ಜನ ಬೈಕ್ ಕಲಿತದ್ದೇ ಅದರ ಮೇಲೆ. 2017ರಲ್ಲಿ ಅದರ ಜಾಗಕ್ಕೆ 286 ಸಿಸಿಯ ರೆಬೆಲ್ 300 ಬಂತು, ಜೊತೆಗೆ 471 ಸಿಸಿಯ ರೆಬೆಲ್ 500. ಯಮಹಾ ವಿರಾಗೊ 250ರಲ್ಲಿ ಗಾಳಿಯಿಂದಲೇ ತಣ್ಣಗಾಗುವ ನಿಜವಾದ ವಿ-ಟ್ವಿನ್, ಅಂದರೆ ಎರಡು ಸಿಲಿಂಡರ್ ಇಂಗ್ಲಿಷಿನ V ಆಕಾರದಲ್ಲಿರುವ ಎಂಜಿನ್ ಇದೆ, ಈ ಗಾತ್ರದಲ್ಲಿ ಅದು ಅಪರೂಪ. ಬಜಾಜ್ ಅವೆಂಜರ್ 2005ರಲ್ಲಿ 180 ಸಿಸಿಯಾಗಿ ಶುರುವಾಗಿ 220ರವರೆಗೆ ಬೆಳೆಯಿತು. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಬಂದದ್ದು 2020ರ ನವೆಂಬರ್‌ನಲ್ಲಿ. 349 ಸಿಸಿ, ಸೀಟಿನ ಎತ್ತರ 765 ಮಿ.ಮೀ., ತೂಕ 191 ಕೆ.ಜಿ.

ಜನ ಮೊದಲು ಸಿಸಿ ಕೇಳುತ್ತಾರೆ. ನಾನು ಮೊದಲು ಫುಟ್‌ರೆಸ್ಟ್ ಎಲ್ಲಿದೆ ಅಂತ ನೋಡುತ್ತೇನೆ. ಅವೆಂಜರ್‌ನಂಥ ಗಾಡಿಯಲ್ಲಿ ಕಾಲು ಮುಂದಕ್ಕೆ ಚಾಚಿರುತ್ತದೆ, ರೆಬೆಲ್ 300ರಲ್ಲಿ ಹೆಚ್ಚುಕಡಿಮೆ ಮಂಡಿಯ ಕೆಳಗೇ ಇರುತ್ತದೆ. ಮುಂದೆ ಚಾಚಿದ ಕಾಲು ನೋಡಲು ಚೆಂದ, ನೇರ ರಸ್ತೆಯಲ್ಲಿ ಆರಾಮ. ಆದರೆ ಮೈಭಾರವೆಲ್ಲ ಬೆನ್ನಿನ ಬುಡದ ಮೇಲೆ ಬೀಳುತ್ತದೆ. ಕುಳ್ಳಗಿರುವವರು, ಮೊದಲೇ ಸೊಂಟದ ತೊಂದರೆ ಇರುವವರು ನಡುವಿನ ಫುಟ್‌ರೆಸ್ಟ್ ಇರುವ ಗಾಡಿಯನ್ನೇ ಹುಡುಕಿ.

ಕೊಳ್ಳುವ ಮೊದಲು ಗಾಡಿಯ ಮೇಲೆ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಎರಡು ನಿಮಿಷ ಸಾಲದು. ಯಾರಾದರೂ ಹಿಂದಿನಿಂದ ಗಾಡಿಯನ್ನು ನೇರ ಹಿಡಿದುಕೊಳ್ಳಲಿ, ನೀವು ಎರಡೂ ಕಾಲು ಫುಟ್‌ರೆಸ್ಟ್ ಮೇಲಿಟ್ಟು ಕೂರಿ. ಆಮೇಲೆ ಹ್ಯಾಂಡಲನ್ನು ಒಂದು ಕಡೆ ಕೊನೆಯವರೆಗೆ ತಿರುಗಿಸಿ ನೋಡಿ. ದೂರ ಹೋದ ಕೈ ಪೂರ್ತಿ ಚಾಚಿಕೊಂಡು ಭುಜ ಎಳೆಯಿತು ಅಂದರೆ ಆ ಹ್ಯಾಂಡಲ್ ನಿಮಗೆ ಅಗಲ ಅಥವಾ ದೂರ. ಯೂಟರ್ನ್ ತೆಗೆಯುವಾಗ ಅದೇ ಕೈಯಲ್ಲಿ ಕ್ಲಚ್ ಅಥವಾ ಆಕ್ಸಿಲರೇಟರ್ ಹಿಡಿತ ತಪ್ಪುತ್ತದೆ. ಇದನ್ನು ಪರೀಕ್ಷೆ ಮಾಡುವವರು ಬಹಳ ಕಡಿಮೆ.

ಹಳೆಯ ಗಾಡಿ ಕೊಳ್ಳುವುದಾದರೆ

ಚಿಕ್ಕ ಕ್ರೂಸರ್‌ಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದು ಒಳ್ಳೆಯ ದಾರಿ ಅಂತಲೇ ನನ್ನ ಅಭಿಪ್ರಾಯ, ಯಾಕೆಂದರೆ ತುಂಬ ಜನ ಆಸೆಗೆ ಕೊಂಡು ಸ್ವಲ್ಪವೇ ಓಡಿಸಿ ಮಾರುತ್ತಾರೆ. ಆದರೆ ಕಡಿಮೆ ಓಡಿದ ಗಾಡಿ ಎಂದರೆ ಜಾಸ್ತಿ ಹೊತ್ತು ನಿಂತ ಗಾಡಿ ಅಂತಲೂ ಅರ್ಥ. ನಿಂತ ಗಾಡಿಯ ರೋಗಗಳೇ ಬೇರೆ.

ಹೋದ ಕೂಡಲೇ ಎಂಜಿನ್ ಹತ್ತಿರ ಕೈ ಒಯ್ದು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಯಾರೋ ಸ್ಟಾರ್ಟ್ ಮಾಡಿದ್ದಾರೆ ಅಂತ ಆಯಿತು. ತಣ್ಣಗಿರುವಾಗ ಇನ್ನೊಮ್ಮೆ ಬರುತ್ತೇನೆ ಅಂತ ಹೇಳಲು ಸಂಕೋಚ ಬೇಡ, ತಣ್ಣಗಿನ ಎಂಜಿನ್ ಎಬ್ಬಿಸುವಾಗಲೇ ಬ್ಯಾಟರಿ, ಕಾರ್ಬುರೇಟರ್ (ಪೆಟ್ರೋಲ್-ಗಾಳಿ ಬೆರೆಸುವ ಭಾಗ), ಟ್ಯಾಪೆಟ್ (ಎಂಜಿನ್ ವಾಲ್ವ್) ಸದ್ದು ಎಲ್ಲ ನಿಜ ಹೇಳುವುದು. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಒಳಗೆ ನೋಡಿ, ಕಂದು ತುಕ್ಕು ಇದ್ದರೆ ಅದು ಕಾರ್ಬುರೇಟರ್‌ವರೆಗೂ ಹೋಗಿರುತ್ತದೆ. ಮುಂದಿನ ಚಕ್ರ ನೆಲ ಬಿಡುವಂತೆ ಯಾರಿಂದಾದರೂ ಒತ್ತಿ ಹಿಡಿಸಿ ಹ್ಯಾಂಡಲ್ ನಿಧಾನ ಆಡಿಸಿ, ನಡುವೆ ಒಂದು ಕಡೆ ಕಚ್ಚಿ ನಿಂತಂತೆ ಆದರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ. ಹ್ಯಾಂಡಲ್ ಕೊನೆ ತಿರುಗಿದಾಗ ಫ್ರೇಮಿಗೆ ತಾಗುವ ಸ್ಟಾಪರ್ ಜಜ್ಜಿದ್ದರೆ ಗಾಡಿ ಜೋರಾಗಿ ಬಿದ್ದಿರಬಹುದು.

ಟೈರ್ ಗೀರು ಚೆನ್ನಾಗಿದೆ ಅಂತ ಮೋಸ ಹೋಗಬೇಡಿ. ಟೈರಿನ ಪಕ್ಕದಲ್ಲಿ DOT ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2321 ಅಂತಿದ್ದರೆ 2021ರ 23ನೇ ವಾರ ತಯಾರಾದದ್ದು. ರಬ್ಬರ್ ಓಡದಿದ್ದರೂ ವಯಸ್ಸಾಗಿ ಗಟ್ಟಿಯಾಗುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಉಗುರು ಒತ್ತಿದರೆ ಸ್ವಲ್ಪವೂ ತಗ್ಗದ ಟೈರನ್ನು ಗೀರು ಎಷ್ಟಿದ್ದರೂ ಬದಲಾಯಿಸಲೇಬೇಕು, ಆ ಖರ್ಚನ್ನು ಕೊಳ್ಳುವ ಬೆಲೆಯಲ್ಲೇ ಲೆಕ್ಕ ಹಾಕಿ.

ನಿಧಾನ ಓಡಿಸುವುದೇ ಕಷ್ಟ

ನನ್ನ ಕ್ರೂಸರ್ ಮನೆಗೆ ಬಂದ ಮೊದಲ ವಾರವೇ ಬಿತ್ತು. ವೇಗ ನಡೆಯುವಷ್ಟೂ ಇರಲಿಲ್ಲ. ಗೇಟಿನ ಒಳಗೆ ತಿರುಗಿಸುತ್ತಿದ್ದೆ, ಹ್ಯಾಂಡಲ್ ಪೂರ್ತಿ ತಿರುಗಿತ್ತು, ಎದುರಿಗೆ ನಾಯಿ ಬಂತು ಅಂತ ಮುಂದಿನ ಬ್ರೇಕ್ ಗಬಕ್ಕನೆ ಹಿಡಿದೆ. ಗಾಡಿ ತಿರುಗಿದ ಕಡೆಗೇ ವಾಲಿತು. ಕಾಲು ಊರಿದೆ, ಕೆಳಗೆ ಮರಳಿತ್ತು, ಪಾದ ಸರ್‍ರನೆ ಜಾರಿತು. ಒಂದು ಮಟ್ಟ ದಾಟಿದ ಮೇಲೆ 150 ಕಿಲೋ ತೂಕವನ್ನು ಒಂದು ಕಾಲಲ್ಲಿ ತಡೆಯುವುದು ಯಾರಿಂದಲೂ ಆಗದು. ಸೀಟು ಎಷ್ಟು ತಗ್ಗಿದ್ದರೂ ಅಷ್ಟೇ.

ಅವತ್ತಿನಿಂದ ನನಗಿರುವ ನಿಯಮ ಇದು: ಹ್ಯಾಂಡಲ್ ತಿರುಗಿರುವಾಗ, ವೇಗ ಕಡಿಮೆ ಇರುವಾಗ, ಮುಂದಿನ ಬ್ರೇಕಿನಿಂದ ಬೆರಳು ತೆಗೆದಿರಬೇಕು. ಆಗ ಕೆಲಸ ಮಾಡಬೇಕಾದ್ದು ಕ್ಲಚ್ ಮತ್ತು ಹಿಂದಿನ ಬ್ರೇಕ್. ಖಾಲಿ ಮೈದಾನದಲ್ಲಿ ಹೀಗೆ ಅಭ್ಯಾಸ ಮಾಡಿ. ಮೊದಲ ಗೇರು, ಎಂಜಿನ್ ಸ್ವಲ್ಪ ರೇಸ್‌ನಲ್ಲಿರಲಿ, ಕ್ಲಚ್ ಅರ್ಧ ಕಚ್ಚುವ ಜಾಗದಲ್ಲಿ ಹಿಡಿದುಕೊಳ್ಳಿ, ಬಲಗಾಲಲ್ಲಿ ಹಿಂದಿನ ಬ್ರೇಕನ್ನು ಮೆತ್ತಗೆ ಒತ್ತಿಕೊಂಡೇ ಇರಿ. ಗಾಡಿ ಹಗ್ಗ ಬಿಗಿದ ಹಾಗೆ ಸ್ಥಿರವಾಗುತ್ತದೆ. ವೇಗ ಬೇಕಾದರೆ ಕ್ಲಚ್ ಒಂದು ಕೂದಲು ಬಿಡಿ, ಬೇಡವಾದರೆ ಒಂದು ಕೂದಲು ಎಳೆಯಿರಿ. ಆಕ್ಸಿಲರೇಟರ್ ಹಿಡಿದಲ್ಲೇ ಇರಲಿ, ಆಡಿಸುವ ಅಗತ್ಯವೇ ಇಲ್ಲ. ಕಣ್ಣು ಮುಂದಿನ ಚಕ್ರದ ಮೇಲಿರಬಾರದು, ನೀವು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕತ್ತು ತಿರುಗಿಸಿ ನೋಡಿ. ಇದನ್ನು ಓದಿದರೆ ಬರುವುದಿಲ್ಲ, ಎಂಟರ ಆಕಾರದಲ್ಲಿ ಐವತ್ತು ಸುತ್ತು ಹಾಕಿದರೆ ಬರುತ್ತದೆ. ಕ್ರೂಸರ್ ಉದ್ದದ ಗಾಡಿ, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಹೊರಗೆ ಚಾಚಿರುತ್ತದೆ, ಹಾಗಾಗಿ ತಿರುಗಲು ಬೇರೆ ಬೈಕಿಗಿಂತ ಜಾಗ ಜಾಸ್ತಿ ಬೇಕು.

ಬಿದ್ದರೆ ಎತ್ತುವುದು ಹೇಗೆ ಅಂತಲೂ ಮೊದಲೇ ತಿಳಿದಿರಲಿ. ಎಂಜಿನ್ ಆಫ್ ಮಾಡಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಬಿಚ್ಚಿಡಿ, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಆ ಕಡೆ ಬೀಳುತ್ತದೆ. ಗಾಡಿ ಗೇರಿನಲ್ಲಿರಲಿ, ಜಾರುವುದಿಲ್ಲ. ಗಾಡಿಗೆ ಬೆನ್ನು ಹಾಕಿ, ಸೀಟಿನ ಅಂಚಿಗೆ ಸೊಂಟದ ಕೆಳಗಿನ ಭಾಗ ಒತ್ತಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್ ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿದು, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯುತ್ತ ಕಾಲಿನ ಬಲದಿಂದ ಎಬ್ಬಿಸಿ. ಬಗ್ಗಿ ಎಳೆದರೆ ಗಾಡಿ ಏಳುವ ಮೊದಲು ನಿಮ್ಮ ಸೊಂಟ ಹಿಡಿಯುತ್ತದೆ. ಎಬ್ಬಿಸಿದ ಮೇಲೆ ಪೆಟ್ರೋಲ್ ಸೋರುತ್ತಿದೆಯಾ ನೋಡಿ, ಕೆಲವು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ.

ತಿರುವು, ಬ್ರೇಕ್, ಗುಂಡಿ

ವೇಗ ಹಿಡಿದ ಮೇಲೆ ಬೈಕ್ ತಿರುಗುವುದು ನೀವು ಹ್ಯಾಂಡಲನ್ನು ಉಲ್ಟಾ ಒತ್ತುವುದರಿಂದ. ಎಡಕ್ಕೆ ಹೋಗಬೇಕಾದರೆ ಎಡಗೈಯನ್ನು ಮೆತ್ತಗೆ ಮುಂದಕ್ಕೆ ತಳ್ಳಬೇಕು, ಗಾಡಿ ಎಡಕ್ಕೆ ವಾಲುತ್ತದೆ, ತಿರುಗುತ್ತದೆ. ಎಲ್ಲರೂ ಗೊತ್ತಿಲ್ಲದೇ ಮಾಡುವುದು ಇದನ್ನೇ, ಗೊತ್ತಿದ್ದು ಮಾಡಿದರೆ ಅವಸರದಲ್ಲಿ ಕೈಗೆ ಬರುತ್ತದೆ. ಕ್ರೂಸರ್‌ನ ಅಗಲ ಹ್ಯಾಂಡಲ್‌ನಲ್ಲಿ ಇದು ಸಲೀಸು.

ಅದರ ಮಿತಿ ವಾಲುವುದರಲ್ಲಿ. ಸ್ವಲ್ಪ ಜಾಸ್ತಿ ವಾಲಿಸಿದರೆ ಫುಟ್‌ರೆಸ್ಟ್ ನೆಲಕ್ಕೆ ಗರ್‍ರ್ ಅಂತ ಉಜ್ಜುತ್ತದೆ. ಮಡಚುವ ಫುಟ್‌ರೆಸ್ಟ್ ಉಜ್ಜಿದರೆ ಭಯ ಬೇಡ, ಅದು ಎಚ್ಚರಿಕೆ. ಆದರೆ ಅದಾದ ಮೇಲೂ ವಾಲಿಸಿದರೆ ಸೈಲೆನ್ಸರ್, ಫ್ರೇಮು, ಸ್ಟ್ಯಾಂಡು ಯಾವುದೋ ಗಟ್ಟಿ ಭಾಗ ನೆಲಕ್ಕೆ ಆತು ಹಿಂದಿನ ಚಕ್ರವನ್ನೇ ಎತ್ತಿಬಿಡುತ್ತದೆ. ಸದ್ದು ಕೇಳಿದಾಗ ಬೆಚ್ಚಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ತಪ್ಪು, ಮುಂಭಾಗ ಕುಸಿದು ಇನ್ನೂ ತಗ್ಗಾಗುತ್ತದೆ. ರೇಸ್ ಹಾಗೇ ಇಟ್ಟು ಗಾಡಿಯನ್ನು ಒಂಚೂರು ನೆಟ್ಟಗೆ ಮಾಡಿ. ಮುಂದಿನ ಸಲ ತಿರುವಿಗೆ ಮೊದಲೇ ವೇಗ ಇಳಿಸಿಕೊಂಡು ಬನ್ನಿ.

ಬ್ರೇಕ್ ವಿಷಯದಲ್ಲಿ ಎರಡು ತಪ್ಪು ನಂಬಿಕೆ ಇವೆ. ಮುಂದಿನದು ಹಿಡಿದರೆ ಬೀಳುತ್ತೇವೆ ಅನ್ನುವುದು ಒಂದು, ಹಿಂದಿನದರಿಂದ ಏನೂ ಉಪಯೋಗವಿಲ್ಲ ಅನ್ನುವುದು ಇನ್ನೊಂದು. ಕ್ರೂಸರ್ ಉದ್ದವಾಗಿದೆ, ತಗ್ಗಾಗಿದೆ, ಓಡಿಸುವವರು ಹಿಂದಿನ ಚಕ್ರದ ಹತ್ತಿರ ಕೂರುತ್ತಾರೆ. ಹಾಗಾಗಿ ಸ್ಪೋರ್ಟ್ಸ್ ಬೈಕಿಗಿಂತ ಇಲ್ಲಿ ಹಿಂದಿನ ಬ್ರೇಕಿಗೆ ಕೆಲಸ ಜಾಸ್ತಿ. ಆದರೂ ಜೋರಾಗಿ ನಿಲ್ಲಿಸುವಾಗ ಭಾರ ಮುಂದಕ್ಕೆ ಬರುತ್ತದೆ, ದೊಡ್ಡ ಪಾಲು ಮುಂದಿನದ್ದೇ. ಎರಡನ್ನೂ ಒಟ್ಟಿಗೆ ಬಳಸಿ. ಮುಂದಿನದನ್ನು ಕಿತ್ತುಕೊಳ್ಳುವ ಹಾಗೆ ಎಳೆಯಬೇಡಿ, ನಿಂಬೆಹಣ್ಣು ಹಿಂಡುವ ಹಾಗೆ ಒತ್ತುತ್ತ ಹೋಗಿ. ಮೊದಲ ಕ್ಷಣ ಮೆತ್ತಗೆ, ಫೋರ್ಕ್ ಕುಸಿದ ಮೇಲೆ ಗಟ್ಟಿಯಾಗಿ. ವೇಗ 30ರಿಂದ 60 ಕಿ.ಮೀ. ಆದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 60ರ ವೇಗದಲ್ಲಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ ದೂರ ಓಡಿರುತ್ತೀರಿ, ಬ್ರೇಕ್ ಮುಟ್ಟುವ ಮೊದಲೇ. ಎರಡು ಚಕ್ರಕ್ಕೂ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿ ಸಿಗುವುದಾದರೆ ಬಣ್ಣ, ಕ್ರೋಮ್ ಎಲ್ಲ ಬಿಟ್ಟು ಅದನ್ನೇ ತೆಗೆದುಕೊಳ್ಳಿ.

ಗುಂಡಿ, ಉಬ್ಬು ಬಂದಾಗ ಬೇರೆ ಬೈಕಿನವರು ಫುಟ್‌ರೆಸ್ಟ್ ಮೇಲೆ ಏಳುತ್ತಾರೆ. ಕಾಲು ಮುಂದೆ ಚಾಚಿಕೊಂಡು ಕೂತವರಿಗೆ ಅದು ಆಗದು. ಹಿಂದಿನ ಶಾಕ್ ಅಬ್ಸಾರ್ಬರ್ ಆಡುವ ಜಾಗವೂ ಕಡಿಮೆ. ಪೆಟ್ಟು ನೇರ ಬೆನ್ನುಮೂಳೆಗೆ. ಮಾಡಬಹುದಾದ್ದು ಇಷ್ಟು: ದೂರದಿಂದಲೇ ರಸ್ತೆ ಓದಿ ವೇಗ ಇಳಿಸಿ, ಉಬ್ಬಿಗೆ ತಾಗುವ ಮೊದಲೇ ಬ್ರೇಕ್ ಬಿಟ್ಟುಬಿಡಿ, ಹ್ಯಾಂಡಲ್ ಹಿಡಿದು ಮೈಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಸೀಟಿನ ಮೇಲಿನ ಭಾರ ಕಡಿಮೆ ಮಾಡಿ.

ಗಾಡಿಯನ್ನು ಮೈಗೆ ಹೊಂದಿಸಿಕೊಳ್ಳಿ

ಹೊಸಬರು ಮೊದಲು ಬದಲಾಯಿಸುವುದು ಸೈಲೆನ್ಸರ್. ದಯವಿಟ್ಟು ಬೇಡ. ಸದ್ದು ನಿಮಗೆ ಮೊದಲ ವಾರ ಚೆಂದ, ಅಕ್ಕಪಕ್ಕದವರಿಗೆ ಮೊದಲ ದಿನದಿಂದಲೇ ಹಿಂಸೆ. ಕಾರ್ಬುರೇಟರ್ ಇರುವ ಗಾಡಿಯಲ್ಲಿ ಬರೀ ಸೈಲೆನ್ಸರ್ ಬದಲಾಯಿಸಿದರೆ ಪೆಟ್ರೋಲ್-ಗಾಳಿ ಮಿಶ್ರಣದ ಹದ ಕೆಟ್ಟು ಎಂಜಿನ್ ಬಿಸಿಯಾಗುತ್ತದೆ, ಬೆಳ್ಳಗಿನ ಪೈಪು ನೀಲಿ ತಿರುಗುತ್ತದೆ. ಆ ಹಣವನ್ನು ಒಳ್ಳೆಯ ಟೈರು, ಸೀಟು, ಹಿಂದಿನ ಶಾಕ್ಸ್‌ಗೆ ಹಾಕಿ.

ಹಣ ಬೇಡದ ಕೆಲಸಗಳೂ ಇವೆ. ಹ್ಯಾಂಡಲ್ ಹಿಡಿದಿರುವ ಕ್ಲಾಂಪಿನ ನಟ್ಟು ಸಡಿಲಿಸಿ ಹ್ಯಾಂಡಲನ್ನು ಸ್ವಲ್ಪವೇ ನಿಮ್ಮ ಕಡೆ ತಿರುಗಿಸಿ ನೋಡಿ, ಮಣಿಕಟ್ಟಿನ ನೋವು ಅರ್ಧ ಅದರಿಂದಲೇ ಹೋಗಬಹುದು. ಕೇಬಲ್ ಎಳೆಯುತ್ತಿಲ್ಲ, ಹ್ಯಾಂಡಲ್ ಟ್ಯಾಂಕಿಗೆ ತಾಗುತ್ತಿಲ್ಲ ಅಂತ ನೋಡಿ ಮತ್ತೆ ಬಿಗಿ ಮಾಡಿ. ಕ್ಲಚ್ ಮತ್ತು ಬ್ರೇಕ್ ಲಿವರ್ ಮೇಲೆ ಬೆರಳಿಟ್ಟಾಗ ಮಣಿಕಟ್ಟು ಮುಂಗೈಗೆ ನೇರ ಇರಬೇಕು. ಹಿಂದಿನ ಶಾಕ್ಸ್‌ನ ಸ್ಪ್ರಿಂಗ್ ಬಿಗಿಯನ್ನು ನಿಮ್ಮ ತೂಕಕ್ಕೆ ಹೊಂದಿಸಿ, ಮೀಟಿಯರ್‌ನಲ್ಲಿ ಅದಕ್ಕೆ ಆರು ಹಂತಗಳಿವೆ. ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳುವಾಗ ಒಂದೆರಡು ಹಂತ ಏರಿಸಿ, ಟೈರಿನ ಗಾಳಿಯನ್ನೂ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಹೇಳಿದಷ್ಟು ಏರಿಸಿ. ಇಲ್ಲದಿದ್ದರೆ ಮುಂಭಾಗ ಹಗುರಾಗಿ ಹ್ಯಾಂಡಲ್ ತೇಲಿದ ಹಾಗಾಗುತ್ತದೆ.

ದೂರದ ದಾರಿಯಲ್ಲಿ ದೊಡ್ಡ ಶತ್ರು ಗಾಳಿ. ನೆಟ್ಟಗೆ ಕೂತ ಮೈ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ, ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟು. ಅದನ್ನು ತಡೆಯಲು ಕೈಯಿಂದ ಹ್ಯಾಂಡಲ್ ಜಗ್ಗಿ ಹಿಡಿಯುತ್ತೀರಿ, ಭುಜ ಬಿಗಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ. 250 ಸಿಸಿ ಗಾಡಿಗೆ 80ರ ಆಸುಪಾಸು ಹಾಯಾದ ವೇಗ. ಎಂಜಿನ್‌ಗೂ ಆರಾಮ, ನಿಮಗೂ ಆರಾಮ. ವಿಂಡ್‌ಶೀಲ್ಡ್ ಹಾಕಿಸುವುದಾದರೆ ಅದರ ಮೇಲಂಚು ನಿಮ್ಮ ಕಣ್ಣಿನ ನೇರಕ್ಕಿಂತ ಕೆಳಗಿರಲಿ. ಅದರ ಮೇಲಿಂದ ನೋಡಬೇಕೇ ಹೊರತು ಒಳಗಿಂದ ನೋಡುವಂತಿರಬಾರದು, ಮಳೆಯ ರಾತ್ರಿಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಗಂಟೆಗೊಮ್ಮೆ ಇಳಿದು ನಡೆದಾಡಿ. ನೋವು ಶುರುವಾದ ಮೇಲೆ ಇಳಿದರೆ ಆ ದಿನಕ್ಕೆ ಅದು ಹೋಗುವುದಿಲ್ಲ.

ಚೈನು, ಮತ್ತೆ ಉಳಿದದ್ದು

ಕ್ರೂಸರ್‌ಗಳಲ್ಲಿ ಸಾಮಾನ್ಯವಾಗಿ ಸೆಂಟರ್ ಸ್ಟ್ಯಾಂಡ್ ಇರುವುದಿಲ್ಲ, ಅದಕ್ಕೇ ಜನ ಚೈನ್ ಕೆಲಸ ಮುಂದೂಡುತ್ತಾರೆ. ಮುಂದೂಡಬೇಡಿ. ಸುಮಾರು 500 ಕಿ.ಮೀ.ಗೊಮ್ಮೆ ಎಣ್ಣೆ, ಮಳೆಯಲ್ಲಿ ಓಡಿಸಿದ ದಿನವೂ ಎಣ್ಣೆ. ಎಂಜಿನ್ ಆಫ್ ಮಾಡಿ, ಕೀಲಿ ತೆಗೆದು, ನ್ಯೂಟ್ರಲ್‌ನಲ್ಲಿಡಿ. ಎಂಜಿನ್ ಓಡುತ್ತಿರುವಾಗ ಚೈನ್‌ಗೆ ಬಟ್ಟೆ ಹಿಡಿಯಲೇಬೇಡಿ, ಬಟ್ಟೆ ಸ್ಪ್ರಾಕೆಟ್‌ಗೆ (ಚೈನ್ ಸುತ್ತುವ ಹಲ್ಲಿನ ಚಕ್ರಕ್ಕೆ) ಸಿಕ್ಕರೆ ಜೊತೆಗೆ ಬೆರಳೂ ಹೋಗುತ್ತದೆ. ಗಾಡಿಯನ್ನು ಒಂದೊಂದು ಗೇಣು ಮುಂದೆ ತಳ್ಳುತ್ತ, ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಶ್ಶಿನಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ಪೆಟ್ರೋಲ್ ಬೇಡ, ಚೈನಿನ ಒಳಗಿನ ರಬ್ಬರ್ ಉಂಗುರಗಳು ಹಾಳಾಗುತ್ತವೆ. ಎಣ್ಣೆಯನ್ನು ಕೆಳಗಿನ ಸಾಲಿನ ಒಳಮೈಗೆ ಬಿಡಿ, ಚೈನ್ ಸುತ್ತುವಾಗ ಅದು ತಾನೇ ಹೊರಕ್ಕೆ ಹರಡುತ್ತದೆ. ಓಡಿಸಿ ಬಂದ ಮೇಲೆ ಬೆಚ್ಚಗಿರುವಾಗ ಹಾಕಿ ರಾತ್ರಿಯೆಲ್ಲ ಬಿಟ್ಟರೆ ಒಳ್ಳೆಯದು.

ಸಡಿಲ ನೋಡಲು ಕೆಳಗಿನ ಸಾಲಿನ ನಡುಮಧ್ಯೆ ಸ್ಕೇಲ್ ಹಿಡಿದು ಬೆರಳಲ್ಲಿ ಮೇಲೆ ಕೆಳಗೆ ಆಡಿಸಿ. ಎಷ್ಟಿರಬೇಕು ಅಂತ ಗಾಡಿಯ ಪುಸ್ತಕದಲ್ಲಿದೆ, ಹೆಚ್ಚಿನವಕ್ಕೆ 20–30 ಮಿ.ಮೀ. ಸುತ್ತಮುತ್ತ. ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ, ಆದ್ದರಿಂದ ನಾಲ್ಕೈದು ಕಡೆ ನೋಡಿ ಅತಿ ಬಿಗಿಯಾದ ಜಾಗವನ್ನು ಲೆಕ್ಕಕ್ಕೆ ಹಿಡಿಯಿರಿ. ಹಿಂದಿನ ಆಕ್ಸೆಲ್ ನಟ್ಟು ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರ್‌ಗಳನ್ನು ಕಾಲು ಕಾಲು ಸುತ್ತು ಸಮನಾಗಿ ತಿರುಗಿಸಿ, ಎರಡೂ ಕಡೆಯ ಗುರುತು ಒಂದೇ ಗೆರೆಯಲ್ಲಿರಲಿ. ನಟ್ಟು ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ಅಳತೆ ಬದಲಾಗುವುದುಂಟು. ಸ್ವಲ್ಪ ಸಡಿಲ ಇದ್ದರೆ ಸಹಿಸಬಹುದು, ತೀರಾ ಬಿಗಿ ಇದ್ದರೆ ಗೇರ್‌ಬಾಕ್ಸಿನ ಬೇರಿಂಗನ್ನೇ ತಿನ್ನುತ್ತದೆ. ಸುಜುಕಿ ಎಸ್40ಯಂತೆ ಚೈನಿನ ಬದಲು ಬೆಲ್ಟ್ ಇರುವ ಗಾಡಿಯಾದರೆ ಎಣ್ಣೆ ಹತ್ತಿರಕ್ಕೂ ಒಯ್ಯಬೇಡಿ.

ಎಂಜಿನ್ ಆಯಿಲ್ ಡಬ್ಬದ ಮೇಲೆ ಜೆಎಎಸ್‌ಒ ಎಂಎ ಅಥವಾ ಎಂಎ2 (JASO MA, MA2) ಅಂತ ಇರಬೇಕು, ಅದು ಬೈಕಿನ ಕ್ಲಚ್‌ಗೆ ಹೊಂದುವ ಆಯಿಲ್ ಅನ್ನುವ ಗುರುತು. ಈ ಬೈಕ್‌ಗಳಲ್ಲಿ ಕ್ಲಚ್ ಕೂಡ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಆಯಿಲ್ ಮಟ್ಟ ನೋಡುವಾಗ ಗಾಡಿ ನೆಟ್ಟಗಿರಬೇಕು, ಸೈಡ್ ಸ್ಟ್ಯಾಂಡ್ ಮೇಲೆ ನೋಡಿದರೆ ಲೆಕ್ಕ ತಪ್ಪು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಟ್ಯಾಂಕಿನ ಮೇಲೆ ಒಂದು ಹನಿ ಬಿದ್ದರೂ ಬಣ್ಣ ತಿನ್ನುತ್ತದೆ. ಟೈರ್ ಗಾಳಿ ವಾರಕ್ಕೊಮ್ಮೆ, ಓಡಿಸುವ ಮೊದಲು, ತಣ್ಣಗಿರುವಾಗ.

ತಿಂಗಳುಗಟ್ಟಲೆ ನಿಲ್ಲಿಸಬೇಕಾದರೆ ಟ್ಯಾಂಕ್ ಪೂರ್ತಿ ತುಂಬಿಸಿ. ಖಾಲಿ ಜಾಗದಲ್ಲಿ ತೇವ ಕೂತು ತುಕ್ಕು ಹಿಡಿಯುತ್ತದೆ. ಕಾರ್ಬುರೇಟರ್ ಇದ್ದರೆ ಅದರ ಬಟ್ಟಲಿನ ಪೆಟ್ರೋಲ್ ಇಳಿಸಿಬಿಡಿ, ಒಳಗೇ ಬಿಟ್ಟರೆ ಅಂಟಾಗಿ ಸಣ್ಣ ತೂತುಗಳನ್ನು ಕಟ್ಟುತ್ತದೆ. ಬ್ಯಾಟರಿ ಬಿಚ್ಚಿಡಿ, ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, 12.4ಕ್ಕೆ ಇಳಿದರೆ ಚಾರ್ಜ್ ಮಾಡಿ. ಮತ್ತೆ ಹೊರಗೆ ತೆಗೆದ ದಿನ ಮೊದಲು ಟೈರ್ ಗಾಳಿ ನೋಡಿ. ಸೈಲೆನ್ಸರ್ ಬಾಯಿಗೆ ಟಾರ್ಚ್ ಬಿಡಿ, ಇಲಿ ಗೂಡು ಕಟ್ಟಿರುವುದುಂಟು. ಗಾಡಿಯನ್ನು ತಳ್ಳಿಕೊಂಡು ಹೋಗುತ್ತ ಮುಂದಿನದು, ಹಿಂದಿನದು ಒಂದೊಂದೇ ಬ್ರೇಕ್ ಹಿಡಿದು ಬಿಟ್ಟು ನೋಡಿ. ಬಿಟ್ಟ ಮೇಲೂ ಚಕ್ರ ಬಿಗಿಯಾಗಿ ಉರುಳುತ್ತಿದ್ದರೆ ಸ್ಟಾರ್ಟ್ ಮಾಡುವ ಮಾತೇ ಬೇಡ, ಮೊದಲು ಬ್ರೇಕ್ ಬಿಚ್ಚಿಸಿ. ಎಲ್ಲ ಸರಿಯಿದ್ದರೆ ಹತ್ತಿರದಲ್ಲೇ ಎರಡು ಮೂರು ಕಿ.ಮೀ. ಸುತ್ತಿ ಬಂದು, ಎಂಜಿನ್ ಕೆಳಗೆ ಎಣ್ಣೆಯ ಹನಿ ಬಿದ್ದಿದೆಯಾ ಅಂತ ಒಮ್ಮೆ ಬಗ್ಗಿ ನೋಡಿ, ಆಮೇಲೆ ದೂರ ಹೊರಡಿ.